ಹೈಬ್ರಿಡ್ ಭತ್ತ: ಪೋಷಕ ತಳಿಗಳ ನಡುವೆ ದೂರ ಎಷ್ಟಿರಬೇಕು, ಎಲ್ಲಿರಬೇಕು?

ಪ್ರಶ್ನೆ: ನಮ್ಮ ಬಳಿ 6 ಗಂಡು ಬಂಜೆ (ಎ) ತಳಿಗಳೂ ಹೈಬ್ರಿಡ್‌ನಲ್ಲಿ ಫಲವತ್ತತೆ ಮರಳಿಸುವ 40 ಆರ್ ತಳಿಗಳೂ ಇವೆ. 36 ಎಸ್‌ಎಸ್‌ಆರ್ ಮಾರ್ಕರ್ (ಡಿಎನ್‌ಎಯಲ್ಲಿ ಚಿಕ್ಕ ತುಣುಕು ಮರುಕಳಿಸುವ ಗುರುತು ಜಾಗಗಳು) ಬಳಸಿ ಇವುಗಳ ನಡುವಿನ ಆನುವಂಶಿಕ ದೂರ (0 ಎಂದರೆ ಒಂದೇ, 1 ಎಂದರೆ ಪೂರ್ತಿ ಬೇರೆ) ಅಳೆದೆವು. 0.72 ದೂರವಿದ್ದ ಜೋಡಿಯ ಹೈಬ್ರಿಡ್ ಎತ್ತರವಾಗಿ, ಸೊಂಪಾಗಿ ಬೆಳೆಯಿತು. ಆದರೆ ತೆನೆಯಲ್ಲಿ ನೂರಕ್ಕೆ 45 ಕಾಳು ಜೊಳ್ಳು. 0.42 ದೂರದ ಜೋಡಿಯೇ ಒಳ್ಳೆಯ ಇಳುವರಿ ಕೊಟ್ಟಿತು. ಹಾಗಾದರೆ ವೈವಿಧ್ಯ ಅಳೆಯುವುದು ವ್ಯರ್ಥವೇ? ಜೋಡಿಗಳನ್ನು ಆರಿಸುವುದು ಹೇಗೆ?

ಉತ್ತರ: ವ್ಯರ್ಥವಲ್ಲ. ಆದರೆ ಆ ಅಂಕಿಗೆ ಗೊತ್ತಿರುವುದು ಒಂದು, ನೀವು ಅದನ್ನು ಕೇಳಿದ್ದು ಇನ್ನೊಂದು. ಯಾವ ಜೋಡಿಯನ್ನು ಕೈಬಿಡಬೇಕು ಎಂಬುದನ್ನು ಆನುವಂಶಿಕ ದೂರ ಸಾಕಷ್ಟು ನಂಬಿಕೆಯಿಂದ ಹೇಳುತ್ತದೆ. ಯಾವ ಜೋಡಿ ಗೆಲ್ಲುತ್ತದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಕಾರಣ ಸಂಕರ ಹುರುಪಿನ, ಅಂದರೆ ಹೈಬ್ರಿಡ್ ತನ್ನ ಪೋಷಕರನ್ನು ಮೀರಿಸುವ ಗುಣದ, ಲೆಕ್ಕದಲ್ಲೇ ಇದೆ. ಇಬ್ಬರು ಪೋಷಕರ ನಡುವೆ ಒಂದು ವಂಶವಾಹಿ ಸ್ಥಾನದಲ್ಲಿ ಇರುವ ವ್ಯತ್ಯಾಸದ ವರ್ಗವನ್ನು ಆ ಸ್ಥಾನದ ಪ್ರಾಬಲ್ಯದಿಂದ (ಒಂದು ರೂಪ ಇನ್ನೊಂದನ್ನು ಮರೆಮಾಡುವ ಮಟ್ಟದಿಂದ) ಗುಣಿಸಿ, ಎಲ್ಲ ಸ್ಥಾನಗಳದ್ದನ್ನೂ ಕೂಡಿದರೆ ಸಿಗುವುದೇ ಹುರುಪು. ಶುದ್ಧ ತಳಿಗಳಲ್ಲಿ ವ್ಯತ್ಯಾಸ ಒಂದೋ 0, ಇಲ್ಲವೇ 1. ಇಬ್ಬರಲ್ಲೂ ಒಂದೇ ಅಲೀಲ್ (ವಂಶವಾಹಿಯ ರೂಪ) ಇದ್ದ ಸ್ಥಾನ ಹುರುಪಿಗೆ ಏನನ್ನೂ ಕೊಡುವುದಿಲ್ಲ. ಹಾಗಾಗಿ ದೂರ ತೀರ ಕಡಿಮೆಯಿದ್ದರೆ ಹುರುಪು ಬರಲು ದಾರಿಯೇ ಇಲ್ಲ. ಬೇರೆ ಅಲೀಲ್ ಇದ್ದ ಕಡೆಯೂ ಪ್ರಾಬಲ್ಯ ಇಲ್ಲದಿದ್ದರೆ ಲಾಭ ಸೊನ್ನೆ; ಪ್ರಾಬಲ್ಯ ಕೆಟ್ಟ ಅಲೀಲ್‌ನ ಕಡೆಗಿದ್ದರೆ ನಷ್ಟ. ಎಸ್‌ಎಸ್‌ಆರ್ ಮಾರ್ಕರ್‌ಗಳಲ್ಲಿ ಹೆಚ್ಚಿನವು ಇಳುವರಿಗೆ ಸಂಬಂಧವಿಲ್ಲದ ಡಿಎನ್‌ಎ ತುಣುಕುಗಳು. ಅಲ್ಲಿನ ವ್ಯತ್ಯಾಸ ಎಣಿಸಿ ಇಳುವರಿಯನ್ನು ಊಹಿಸಲು ಹೊರಟರೆ ಸೋಲುವುದು ಸಹಜ.

ಚೀನಾದ 17 ಹೈಬ್ರಿಡ್‌ಗಳಿಂದ ಪಡೆದ 10,074 ಎರಡನೇ ಪೀಳಿಗೆಯ ಸಸ್ಯಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಗಂಡು ಪೋಷಕಕ್ಕಿಂತ ಹೈಬ್ರಿಡ್‌ಗೆ ಸಿಕ್ಕ ಇಳುವರಿಯ ಹೆಚ್ಚಳದಲ್ಲಿ ದೊಡ್ಡ ಪಾಲು ಹೆಣ್ಣು ಪೋಷಕದಿಂದ ಬಂದ ಕೆಲವೇ ಸ್ಥಾನಗಳದ್ದಾಗಿತ್ತು. ಇಡೀ ಜೀನೋಮಿನ ಸರಾಸರಿ ದೂರಕ್ಕಿಂತ ಆ ಕೆಲವು ಸ್ಥಾನಗಳಲ್ಲಿ ಪೋಷಕರು ಒಬ್ಬರಿಗೊಬ್ಬರು ಪೂರಕವಾಗಿದ್ದಾರೆಯೇ ಎಂಬುದು ಮುಖ್ಯ.

ಈಗ ನಿಮ್ಮ ಅಂಕಿಗಳಿಗೆ ಬರೋಣ. 36 ಮಾರ್ಕರ್‌ಗಳಲ್ಲಿ 15ರಲ್ಲಿ ಭಿನ್ನವಾದ ಜೋಡಿಗೆ 0.42 ದೂರ. 36 ಮಾರ್ಕರ್ ಎಂದರೆ ಸಣ್ಣ ಮಾದರಿ, ಈ 0.42ರ ಪ್ರಮಾಣ ದೋಷ (ಮಾದರಿಯಿಂದ ಬರುವ ಅನಿಶ್ಚಿತತೆಯ ಅಳತೆ) ಸುಮಾರು 0.08. ಅಂದರೆ ನಿಜವಾದ ದೂರ 0.26ರಿಂದ 0.58ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 0.72 ಮತ್ತು 0.42 ಬೇರೆ ಬೇರೆ ಎಂದು ಧೈರ್ಯವಾಗಿ ಹೇಳಬಹುದು. 0.42 ಮತ್ತು 0.50 ಬೇರೆ ಎಂದು ಹೇಳಲಾಗದು. ಪಟ್ಟಿಯಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಕ್ರಮಾಂಕ ಹಾಕಿ ಆರಿಸಿದ್ದರೆ, ಆ ಕ್ರಮಾಂಕದಲ್ಲಿ ಬಹುಪಾಲು ಬರಿಯ ಆಕಸ್ಮಿಕ.

ಯಾವ ಗುಣಾಂಕ (ಸಾಮ್ಯ ಲೆಕ್ಕ ಹಾಕುವ ಸೂತ್ರ) ಬಳಸಿದಿರಿ ಎಂಬುದನ್ನೂ ನೋಡಿಕೊಳ್ಳಿ. ಅದೇ ಜೋಡಿ, ಅದೇ 15 ವ್ಯತ್ಯಾಸಗಳು: ಡೈಸ್ ಗುಣಾಂಕದಲ್ಲಿ ಸಾಮ್ಯ 42 (ಹೊಂದುವ 21ರ ಎರಡರಷ್ಟು) ಭಾಗಿಸು 72 (36ರ ಎರಡರಷ್ಟು), ದೂರ 0.42. ಜಕಾರ್ಡ್ ಗುಣಾಂಕದಲ್ಲಿ ಸಾಮ್ಯ 21 ಭಾಗಿಸು 51 (21ಕ್ಕೆ ಎರಡೂ ಕಡೆಯ 15–15 ಕೂಡಿದ್ದು), ದೂರ 0.59. ಒಂದು ಪ್ರಬಂಧದಲ್ಲಿ ಜಕಾರ್ಡ್ ಲೆಕ್ಕದ 0.59 ಓದಿ, ನಿಮ್ಮ ಡೈಸ್ ಲೆಕ್ಕದ 0.42 ಕಡಿಮೆಯೆಂದು ಕೊರಗುವುದು ಅಡಿ ಮತ್ತು ಮೀಟರನ್ನು ಹೋಲಿಸಿದಂತೆ. ಈ ತಪ್ಪು ತುಂಬ ಸಾಮಾನ್ಯ.

ಮಾರ್ಕರ್‌ಗಳ ಸಂಖ್ಯೆಯನ್ನು ಕನಿಷ್ಠ 50ಕ್ಕೆ ಏರಿಸಿ. ಭತ್ತದ 12 ಕ್ರೋಮೊಸೋಮ್‌ಗಳಲ್ಲಿ ಪ್ರತಿಯೊಂದರಲ್ಲೂ ನಾಲ್ಕೈದು ಇರಲಿ, ಎರಡೂ ಬಾಹುಗಳಲ್ಲಿ ಹರಡಿರಲಿ. ಮಾರ್ಕರ್ ಎಷ್ಟು ಉಪಯುಕ್ತ ಎಂದು ತಿಳಿಯಲು ಅಲೀಲ್‌ಗಳ ಪ್ರಮಾಣದ ವರ್ಗಗಳನ್ನು ಕೂಡಿ 1ರಿಂದ ಕಳೆಯಿರಿ. ಮೂರು ಅಲೀಲ್‌ಗಳು 0.5, 0.3, 0.2 ಪ್ರಮಾಣದಲ್ಲಿದ್ದರೆ 1ರಿಂದ 0.38 ಕಳೆದು 0.62 ಬರುತ್ತದೆ, ಒಳ್ಳೆಯ ಮಾರ್ಕರ್. 0.3ಕ್ಕಿಂತ ಕಡಿಮೆ ಬರುವುದನ್ನು ಈ ಕೆಲಸಕ್ಕೆ ಬಿಡುವುದು ಲೇಸು. ಅನುಕೂಲವಿದ್ದರೆ ಕೆಲವು ಸಾವಿರ ಎಸ್‌ಎನ್‌ಪಿಗಳ (ಡಿಎನ್‌ಎಯ ಒಂದೊಂದೇ ಬೇಸ್‌ನ ವ್ಯತ್ಯಾಸಗಳ) ಚಿಪ್‌ಗೆ ಹೋಗಿ. ಅಳತೆಯ ದೋಷ ಬಹಳ ತಗ್ಗುತ್ತದೆ. ಮುಂದೆ ಹೈಬ್ರಿಡ್ ಇಳುವರಿಯನ್ನು ಜೀನೋಮಿನಿಂದ ಅಂದಾಜಿಸಲೂ ಅದೇ ಮಾಹಿತಿ ಬರುತ್ತದೆ.

ಡಿಎನ್‌ಎಯನ್ನು ಒಂದೇ ಗಿಡದಿಂದ ತೆಗೆಯಬೇಡಿ. ತಳಿಯೊಂದಕ್ಕೆ 8–10 ಗಿಡಗಳ ಎಳೆ ಎಲೆ ಸೇರಿಸಿ. ಶುದ್ಧ ತಳಿಯಲ್ಲಿ ಒಂದು ಮಾರ್ಕರ್‌ಗೆ ಎರಡು ಪಟ್ಟಿ (ಡಿಎನ್‌ಎ ಗೆರೆ) ಕಂಡರೆ ಅದು ವೈವಿಧ್ಯವಲ್ಲ, ಬೆರಕೆ. ಪಟ್ಟಿಯೇ ಕಾಣದಿದ್ದರೆ ಅದನ್ನು ಸೊನ್ನೆ ಎಂದು ಬರೆಯದೆ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಮತ್ತೊಮ್ಮೆ ಮಾಡಿ. ಆಗಲೂ ಬರದಿದ್ದರೆ ಆ ಜೋಡಿಯ ಲೆಕ್ಕದಿಂದ ಆ ಮಾರ್ಕರನ್ನು ತೆಗೆಯಿರಿ. ವಿಫಲವಾದ ಪಿಸಿಆರ್‌ಗಳೆಲ್ಲ ಸೊನ್ನೆಯಾಗಿ ದಾಖಲಾದರೆ ಕಳಪೆ ಡಿಎನ್‌ಎಯ ತಳಿಯೇ ಎಲ್ಲರಿಗಿಂತ ದೂರದ ತಳಿಯಂತೆ ಕಾಣುತ್ತದೆ. ದೂರವನ್ನು ಬಿ (ಎ ತಳಿಗೆ ಪರಾಗ ಕೊಟ್ಟು ಅದರ ಬೀಜ ಉಳಿಸುವ ಜೋಡಿ ತಳಿ) ಮತ್ತು ಆರ್ ತಳಿಗಳ ನಡುವೆ ಅಳೆಯಿರಿ. ಎ ಮತ್ತು ಬಿ ಕೋಶಕೇಂದ್ರದಲ್ಲಿ ಒಂದೇ ಆಗಿರಬೇಕು; ಎ ತಳಿಯ ಬಂಜೆತನ ಬರುವುದು ಕೋಶಕೇಂದ್ರದ ಹೊರಗಿನ ಕೋಶದ್ರವ್ಯದಿಂದ. ಆರು ಸಲ ಹಿಂಸಂಕರ ಮಾಡಿದ (ಮತ್ತೆ ಮತ್ತೆ ಬಿ ತಳಿಗೇ ಸಂಕರಿಸಿದ) ಎ ತಳಿ ಶೇ 99.2ರಷ್ಟು ಬಿ ಆಗಿರುತ್ತದೆ. ಎ–ಬಿ ದೂರ 0.05 ದಾಟಿದರೆ ಬೀಜ ಬೆರಕೆಯಾಗಿದೆಯೆಂದೇ ಮೊದಲು ಅನುಮಾನಿಸಿ.

ನಿಮ್ಮ 0.72 ಜೋಡಿಯ ಜೊಳ್ಳಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಇಂಡಿಕಾ, ಜಪೋನಿಕಾ, ಜವಾನಿಕಾ ಭತ್ತದ ದೊಡ್ಡ ಬಗೆಗಳು. ಇಂಡಿಕಾ ತಳಿಗಳ ಜೊತೆ ಜಪೋನಿಕಾ ರಕ್ತದ ತಳಿ ಸೇರಿದಾಗ ಇಂಥ ದೊಡ್ಡ ದೂರ ಬರುತ್ತದೆ, ಸೊಂಪಾದ ಬೆಳವಣಿಗೆಯೂ ಬರುತ್ತದೆ, ಜೊಳ್ಳೂ ಬರುತ್ತದೆ. ಹೈಬ್ರಿಡ್ ಭತ್ತದ ಪಿತಾಮಹ ಯುವಾನ್ ಲಾಂಗ್‌ಪಿಂಗ್ ಹುರುಪಿನ ಕ್ರಮವನ್ನು ಹೀಗೆ ಹೇಳಿದ್ದರು: ಇಂಡಿಕಾ–ಜಪೋನಿಕಾ ಎಲ್ಲಕ್ಕಿಂತ ಹೆಚ್ಚು, ಆಮೇಲೆ ಇಂಡಿಕಾ–ಜವಾನಿಕಾ, ಜಪೋನಿಕಾ–ಜವಾನಿಕಾ, ಇಂಡಿಕಾ–ಇಂಡಿಕಾ, ಕೊನೆಗೆ ಜಪೋನಿಕಾ–ಜಪೋನಿಕಾ. ಆ ಮೊದಲನೆಯ ಸಂಕರದ ಹುರುಪು ಕಾಳಿಗೆ ಇಳಿಯದೆ ಹುಲ್ಲಿನಲ್ಲೇ ಉಳಿಯುವುದೇ ಅದರ ತೊಡಕು.

ಆದರೂ ಜೊಳ್ಳಿಗೆ ಮೂರು ಕಾರಣಗಳಿವೆ, ಮೂರಕ್ಕೂ ಮದ್ದು ಬೇರೆ. ಒಂದು, ಆರ್ ತಳಿ ಫಲವತ್ತತೆಯನ್ನು ಪೂರ್ತಿ ಮರಳಿಸದಿರುವುದು. ಎರಡು, ಇಂಡಿಕಾ–ಜಪೋನಿಕಾ ಸಂಕರದ ಬಂಜೆತನ. ಮೂರು, ಹವೆ: ಹೂ ಅರಳುವಾಗ 35 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ, ಇಲ್ಲವೇ ತೆನೆ ಹೊಡೆಯಲ್ಲಿರುವಾಗ 20 ಡಿಗ್ರಿಗಿಂತ ಕೆಳಗಿನ ಚಳಿ. ಮೂರನೆಯದನ್ನು ಪತ್ತೆ ಹಚ್ಚುವುದು ಸುಲಭ. ಅದೇ ದಿನ ಹೂಬಿಟ್ಟ ಪಕ್ಕದ ತಳಿಗಳಲ್ಲೂ ಜೊಳ್ಳು ಇರುತ್ತದೆ.

ಮೊದಲೆರಡನ್ನು ಬೇರ್ಪಡಿಸಲು ಅಗ್ಗದ, ಖಚಿತವಾದ ಪರೀಕ್ಷೆಯೊಂದಿದೆ. ಅದೇ ಆರ್ ತಳಿಯನ್ನು ಎ ಬದಲು ಬಿ ತಳಿಯ ಮೇಲೆ ಸಂಕರಿಸಿ. ಬಿ ತಳಿಯ ಹೂಗಳ ಕೇಸರಗಳನ್ನು ಮಾತ್ರ ಮೊದಲು ತೆಗೆಯಬೇಕಾಗುತ್ತದೆ. ಎರಡೂ ಸಂಕರಗಳನ್ನು ಅಕ್ಕಪಕ್ಕ ಬೆಳೆಸಿ. ಬಿ ಮೇಲಿನ ಸಂಕರದಲ್ಲಿ ಕಾಳು ತುಂಬಿ, ಎ ಮೇಲಿನದರಲ್ಲಿ ಜೊಳ್ಳಾದರೆ ದೋಷ ಫಲವತ್ತತೆ ಮರಳಿಸುವ ವಂಶವಾಹಿಗಳದ್ದು. ಎರಡರಲ್ಲೂ ಜೊಳ್ಳಾದರೆ ದೋಷ ಕೋಶಕೇಂದ್ರದ ಹೊಂದಾಣಿಕೆಯದ್ದು. ಕೋಶದ್ರವ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಜೊತೆಗೆ ಪರಾಗವನ್ನೂ ನೋಡಿ. ಬೆಳಿಗ್ಗೆ ಇನ್ನೂ ಅರಳದ, ಅಂದೇ ಅರಳಲಿರುವ ಹೂಗಳ ಪರಾಗಕೋಶಗಳನ್ನು ಶೇ 1ರ ಅಯೋಡಿನ್–ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ಜಜ್ಜಿ ಮೈಕ್ರೋಸ್ಕೋಪ್‌ನಲ್ಲಿ ಎಣಿಸಿ. ದುಂಡಗೆ, ಕಪ್ಪಗೆ ಬಣ್ಣ ಹಿಡಿದದ್ದು ಫಲವತ್ತಾದ ಪರಾಗ; ಸುಕ್ಕಿದ, ಬಣ್ಣ ಹಿಡಿಯದ್ದು ಬಂಜೆ. ಹೈಬ್ರಿಡ್‌ನ ಪರಾಗ ಶೇ 80ಕ್ಕಿಂತ ಹೆಚ್ಚು, ಕಾಳು ಶೇ 75ಕ್ಕಿಂತ ಹೆಚ್ಚು ಫಲವತ್ತಾದರೆ ಮಾತ್ರ ಅದರ ಗಂಡು ಪೋಷಕವನ್ನು ಆರ್ ತಳಿಯೆಂದು ಕರೆಯಬೇಕು. ಇದನ್ನು ಎಣಿಸುವಾಗ ತೆನೆಗೆ ಕಾಗದದ ಚೀಲ ತೊಡಿಸಿ ಸ್ವಪರಾಗಸ್ಪರ್ಶದ ಕಾಳನ್ನೇ ಎಣಿಸಿ, ಇಲ್ಲದಿದ್ದರೆ ಪಕ್ಕದ ಗಿಡಗಳ ಪರಾಗ ನಿಮ್ಮನ್ನು ಮೋಸಗೊಳಿಸುತ್ತದೆ. ಪರಾಗ ಚೆನ್ನಾಗಿದ್ದೂ ಕಾಳು ಜೊಳ್ಳಾದರೆ ಕೆಟ್ಟಿರುವುದು ಹೆಣ್ಣಿನ ಕಡೆ, ಅಂದರೆ ಭ್ರೂಣಚೀಲ. ಅಲ್ಲಿ ಮುಖ್ಯ ಆರೋಪಿ 6ನೇ ಕ್ರೋಮೊಸೋಮ್‌ನ ಎಸ್5 ಸ್ಥಾನ.

ಎಸ್5ರಲ್ಲಿ ಇಂಡಿಕಾ ಅಲೀಲ್ ಮತ್ತು ಜಪೋನಿಕಾ ಅಲೀಲ್ ಒಂದೇ ಗಿಡದಲ್ಲಿ ಸೇರಿದಾಗ ಜಪೋನಿಕಾ ಅಲೀಲ್ ಹೊತ್ತ ಭ್ರೂಣಚೀಲಗಳು ಸಾಯುತ್ತವೆ. ಅರ್ಧದಷ್ಟು ಕಾಳು ಹೋಗುವುದು ಹೀಗೆ. ನಿಮ್ಮ ಶೇ 45ರ ಅಂಕಿ ಇದಕ್ಕೆ ಹೊಂದುತ್ತದೆ, ಆದರೆ ಮೇಲಿನ ಪರೀಕ್ಷೆ ಮುಗಿಯುವ ತನಕ ತೀರ್ಮಾನ ಬೇಡ. ಇದೇ ಸ್ಥಾನದಲ್ಲಿ ಯಾರ ಜೊತೆಗೂ ಜಗಳವಾಡದ ತಟಸ್ಥ ಅಲೀಲ್ ಒಂದಿದೆ. ಜಪಾನಿನ ಇಕೆಹಾಶಿ ಮತ್ತು ಅರಾಕಿ 1980ರ ದಶಕದಲ್ಲಿ ಕೆಟಾನ್ ನಾಂಗ್ಕಾದಂಥ ತಳಿಗಳಲ್ಲಿ ಇದನ್ನು ಗುರುತಿಸಿದರು. ಈ ಅಲೀಲ್‌ನಲ್ಲಿ 136 ಬೇಸ್‌ಗಳ ಒಂದು ತುಣುಕೇ ಇಲ್ಲವಾದ್ದರಿಂದ ಸಾದಾ ಪಿಸಿಆರ್‌ನಲ್ಲೇ ಪತ್ತೆಯಾಗುತ್ತದೆ. ಪೋಷಕರಲ್ಲಿ ಒಬ್ಬರಿಗೆ ಇದು ಇದ್ದರೂ ಎಸ್5ರ ಜೊಳ್ಳು ತಪ್ಪುತ್ತದೆ. ಒಂದು ಎಚ್ಚರಿಕೆ: ಇಂಥ ಬಂಜೆತನದ ಸ್ಥಾನಗಳು ಬೇರೆಯೂ ಇವೆ, ಉದಾಹರಣೆಗೆ 1ನೇ ಕ್ರೋಮೊಸೋಮ್‌ನ ಎಸ್‌ಎ, 3ನೇ ಕ್ರೋಮೊಸೋಮ್‌ನ ಎಸ್‌ಸಿ. ಅವು ಕೆಡಿಸುವುದು ಪರಾಗವನ್ನು. ಎಸ್5 ಸರಿಪಡಿಸಿದ ಮಾತ್ರಕ್ಕೆ ಎಲ್ಲ ದೂರದ ಸಂಕರಗಳೂ ಗಟ್ಟಿಕಾಳು ಕೊಡುತ್ತವೆಂದು ಭಾವಿಸಬೇಡಿ.

ದೋಷ ಮರಳಿಕೆಯದ್ದಾದರೆ, ಡಬ್ಲ್ಯುಎ (ಕಾಡುಭತ್ತದ ಬಂಜೆ ಗಿಡದಿಂದ ಬಂದ) ಕೋಶದ್ರವ್ಯದ ಎ ತಳಿಗಳಿಗೆ ಬೇಕಾದ ಎರಡು ವಂಶವಾಹಿಗಳನ್ನು ನೋಡಿ: 1ನೇ ಕ್ರೋಮೊಸೋಮ್‌ನ ಆರ್‌ಎಫ್3, 10ನೇ ಕ್ರೋಮೊಸೋಮ್‌ನ ಆರ್‌ಎಫ್4. ಇವೆರಡರಲ್ಲಿ ಆರ್‌ಎಫ್4ರ ಪ್ರಭಾವ ದೊಡ್ಡದು; ಆರ್‌ಎಂ6100 ಎಂಬ ಎಸ್‌ಎಸ್‌ಆರ್ ಅದರ ಹತ್ತಿರವಿದೆ. ನಿಮ್ಮ 40 ಆರ್ ತಳಿಗಳನ್ನೂ ಈ ಜರಡಿಯಲ್ಲಿ ಮೊದಲೇ ಸೋಸಿದ್ದರೆ ಒಂದು ಹಂಗಾಮಿನ ದುಡಿಮೆ ಉಳಿಯುತ್ತದೆ.

ಜೋಡಿ ಆರಿಸುವ ಕ್ರಮ ಹೀಗಿರಲಿ. 6ಕ್ಕೆ 40 ಎಂದರೆ 240 ಸಂಕರಗಳು. ಅಷ್ಟನ್ನೂ ಸರಿಯಾಗಿ ಪರೀಕ್ಷಿಸುವುದು ಆಗದ ಕೆಲಸ. ಮೊದಲು ಆರ್‌ಎಫ್ ಜರಡಿ. ಉಳಿದ ಆರ್ ತಳಿಗಳನ್ನೂ ಬಿ ತಳಿಗಳನ್ನೂ ಒಟ್ಟಿಗೆ ಗುಂಪು ಮಾಡಿ, ಜಪೋನಿಕಾ ಅಂಶ ಹೆಚ್ಚಿರುವವನ್ನು ಪ್ರತ್ಯೇಕಿಸಿ. ಇಂಡಿಕಾಗಳ ಒಳಗೆ ಬಿ ತಳಿಗಳ ಗುಂಪಿನಲ್ಲೇ ಬಂದು ಕೂತ ಆರ್ ತಳಿಗಳನ್ನು, ಡೈಸ್ ಲೆಕ್ಕದಲ್ಲಿ ಸುಮಾರು 0.3ಕ್ಕಿಂತ ಹತ್ತಿರವಿರುವ ಜೋಡಿಗಳನ್ನು ಬಿಟ್ಟುಬಿಡಿ. ಈ 0.3 ಶಾಸ್ತ್ರವಾಕ್ಯವಲ್ಲ, ಕೆಲಸ ಶುರುಮಾಡಲು ಒಂದು ಗೆರೆ. ಉಳಿದ ಆರ್ ತಳಿಗಳ ಪ್ರತಿ ಗುಂಪಿನಿಂದ ಎರಡು ಮೂರನ್ನು ತೆಗೆದು, ಒಟ್ಟು 14ರಷ್ಟನ್ನು, ಒಂದಕ್ಕೊಂದು ದೂರವಿರುವ 3 ಎ ತಳಿಗಳ ಜೊತೆ ಸಂಕರಿಸಿ. 42 ಸಂಕರಗಳಾದವು. ಗುಂಪಿನ ಪ್ರತಿನಿಧಿಗಳನ್ನು ಆರಿಸುವಾಗ ತಳಿಯ ಸ್ವಂತ ಇಳುವರಿಯನ್ನೂ ನೋಡಿ. ಬಡಕಲು ಪೋಷಕವನ್ನು ಬರಿಯ ದೂರಕ್ಕಾಗಿ ಒಳಗೆ ತರಬೇಡಿ.

ಈ 42ನ್ನು ಅವುಗಳ ಬಿ ಮತ್ತು ಆರ್ ಪೋಷಕರೊಂದಿಗೆ, ಬಳಕೆಯಲ್ಲಿರುವ ಅತ್ಯುತ್ತಮ ತಳಿ ಹಾಗೂ ಹೈಬ್ರಿಡ್‌ನೊಂದಿಗೆ, ಎರಡು ಕಡೆಗಳಲ್ಲಾದರೂ ಮೂರು ಆವೃತ್ತಿಗಳಲ್ಲಿ ಬೆಳೆಸಿ. 21–25 ದಿನದ ಪೈರು, ಗುಣಿಗೆ ಒಂದೇ ಸಸಿ, 20ಕ್ಕೆ 15 ಸೆಂ.ಮೀ. ಅಂತರ, ಅಂಚಿನ ಸಾಲುಗಳನ್ನು ಬಿಟ್ಟು ಕನಿಷ್ಠ 5 ಚದರ ಮೀಟರ್ ಕೊಯ್ಲು. ಎತ್ತರದ ಹೈಬ್ರಿಡ್‌ಗಳ ಪಕ್ಕ ಗಿಡ್ಡ ಪೋಷಕ ಬಂದರೆ ನೆರಳಿಗೆ ಸಿಕ್ಕಿ ಪೋಷಕದ ಇಳುವರಿ ಕುಸಿದು ಹುರುಪು ಸುಳ್ಳಾಗಿ ಉಬ್ಬುತ್ತದೆ. ಪೋಷಕಗಳನ್ನು ಬೇರೆ ಪಟ್ಟೆಯಲ್ಲಿ ಹಾಕಿ.

ಇಲ್ಲಿ ಬರುವ ಫಲಿತಾಂಶದಿಂದ ಪ್ರತಿ ಪೋಷಕದ ಸಾಮಾನ್ಯ ಸಂಯೋಜನಾ ಶಕ್ತಿ, ಅಂದರೆ ಯಾರ ಜೊತೆ ಸೇರಿದರೂ ಸರಾಸರಿ ಎಷ್ಟು ಕೊಡುತ್ತದೆ ಎಂಬುದು ಸಿಗುತ್ತದೆ. ಅದರಲ್ಲಿ ಮೇಲೆ ಬಂದ ನಾಲ್ಕೈದು ಆರ್ ತಳಿಗಳನ್ನು ಎಲ್ಲ 6 ಎ ತಳಿಗಳ ಮೇಲೆ ಹಾಕಿ ವಿಶೇಷ ಜೋಡಿಯನ್ನು ಹುಡುಕಿ. ದೂರದ ಅಂಕಿಗಿಂತ ಈ ಸಾಮಾನ್ಯ ಸಂಯೋಜನಾ ಶಕ್ತಿಯನ್ನೇ ಹೆಚ್ಚು ನಂಬಬೇಕು.

ಹುರುಪಿನ ಶೇಕಡಾವಾರು ನೋಡಿ ಮರುಳಾಗಬೇಡಿ. ಪೋಷಕರು ಹೆಕ್ಟೇರಿಗೆ 3 ಮತ್ತು 4 ಟನ್, ಹೈಬ್ರಿಡ್ 4.9 ಟನ್ ಎಂದುಕೊಳ್ಳಿ. ಪೋಷಕರ ಸರಾಸರಿಗಿಂತ ಶೇ 40 ಹೆಚ್ಚು, ಉತ್ತಮ ಪೋಷಕಕ್ಕಿಂತ ಶೇ 22.5 ಹೆಚ್ಚು. ಬಳಕೆಯಲ್ಲಿರುವ ತಳಿ 5.5 ಟನ್ ಕೊಡುತ್ತಿದ್ದರೆ ಅದೇ ಹೈಬ್ರಿಡ್ ಶೇ 11 ಹಿಂದೆ. ಬೆಳೆಯುವವರಿಗೆ ಬೇಕಾದದ್ದು ಈ ಕೊನೆಯ ಹೋಲಿಕೆಯೊಂದೇ. ದೂರದ ಪೋಷಕಗಳಲ್ಲಿ ಒಂದು ಹೆಚ್ಚಾಗಿ ದುರ್ಬಲವೇ ಆಗಿರುವುದರಿಂದ, ದೂರಕ್ಕೂ ಹುರುಪಿಗೂ ಗಾಢ ಸಂಬಂಧವಿದೆಯೆಂಬ ಭ್ರಮೆ ಮೊದಲ ಎರಡು ಲೆಕ್ಕಗಳಿಂದಲೇ ಹುಟ್ಟುತ್ತದೆ.

ಬಾಹ್ಯ ಗುಣಗಳಿಂದ ಮಹಾಲನೋಬಿಸ್ ದೂರ (ಹಲವು ಗುಣಗಳನ್ನು ಒಟ್ಟಿಗೆ ಹಿಡಿದು ಲೆಕ್ಕಿಸುವ ಅಂತರ) ಅಳೆಯುವವರಿಗೂ ಒಂದು ಮಾತು. ಯಾವ ಗುಣ ಎಷ್ಟು ಪಾಲು ಕೊಟ್ಟಿದೆ ಎಂಬ ಕೋಷ್ಟಕವನ್ನು ತಪ್ಪದೆ ನೋಡಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೂಬಿಡುವ ದಿನಗಳದ್ದಾಗಿದ್ದರೆ ನೀವು ಅಳೆದದ್ದು ವೈವಿಧ್ಯವನ್ನಲ್ಲ, ಅವಧಿಯನ್ನು. ಆ ದೂರ ಬೀಜೋತ್ಪಾದನೆಯಲ್ಲಿ ಕಾಡುತ್ತದೆ: ಆರ್ ತಳಿ 20 ದಿನ ತಡವಾಗಿ ಹೂಬಿಡುವುದಾದರೆ ಅಷ್ಟೇ ದಿನ ಮೊದಲು, ಅದೂ ನಾಲ್ಕೈದು ದಿನಗಳ ಅಂತರದಲ್ಲಿ ಎರಡು ಮೂರು ಕಂತುಗಳಾಗಿ ಬಿತ್ತಬೇಕು. ಒಂದು ವಾರ ಮಳೆ ಮೋಡ ಕವಿದರೆ ಹೊಂದಾಣಿಕೆ ತಪ್ಪಿ 2 ಸಾಲು ಆರ್, 8 ಸಾಲು ಎ ಇರುವ ತಾಕಿನಲ್ಲಿ ಎ ತೆನೆಗಳು ಬರಿದಾಗಿ ನಿಲ್ಲುತ್ತವೆ.

ಪೋಷಕರು ಭಿನ್ನವಾಗಿರಬಾರದ ಜಾಗಗಳೂ ಇವೆ, ಇದನ್ನು ಮರೆಯುವವರೇ ಹೆಚ್ಚು. ನಾವು ಉಣ್ಣುವ ಅಕ್ಕಿ ಹೈಬ್ರಿಡ್ ಗಿಡದ ಮೇಲೆ ಬಲಿತ ಮುಂದಿನ ಪೀಳಿಗೆ. ಕಾಳಿನ ಉದ್ದ ತಾಯಿಗಿಡದ ಹೊಟ್ಟಿನಿಂದ ನಿರ್ಧಾರವಾಗುವುದರಿಂದ ಎಲ್ಲವೂ ಒಂದೇ ಸಮ ಇರುತ್ತವೆ. ಆದರೆ ಒಳಗಿನ ಪಿಷ್ಟ ಕಾಳಿನಿಂದ ಕಾಳಿಗೆ ಬೇರೆಯಾಗುತ್ತದೆ. ಒಬ್ಬ ಪೋಷಕದಲ್ಲಿ ಅಮೈಲೋಸ್ (ಅನ್ನವನ್ನು ಉದುರಾಗಿಸುವ ಪಿಷ್ಟ) ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಇದ್ದರೆ ಒಂದೇ ತೆನೆಯ ಕಾಳುಗಳಲ್ಲಿ ಕೆಲವು ಉದುರಾಗಿ, ಕೆಲವು ಅಂಟಾಗಿ ಬೇಯುತ್ತವೆ. ಪರಿಮಳವೂ ಹಾಗೆಯೇ: ಒಂದೇ ಕಡೆಯಿಂದ ಬಂದರೆ ನಾಲ್ಕರಲ್ಲಿ ಒಂದು ಕಾಳಿಗೆ ಮಾತ್ರ ಪರಿಮಳ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್58025ಎ ತಾಯಿಯಿಂದ ಬಂದ ಹಲವು ಹೈಬ್ರಿಡ್‌ಗಳಿಗೆ ಈ ತೊಡಕು ಅಂಟಿಕೊಂಡಿತ್ತು. ಪರಿಮಳದ ಹೈಬ್ರಿಡ್ ಪಿಆರ್‌ಎಚ್10ರಲ್ಲಿ ಪೋಷಕಗಳಾದ ಪೂಸಾ 6ಎ ಮತ್ತು ಪಿಆರ್‌ಆರ್78 ಎರಡಕ್ಕೂ ಪರಿಮಳ ಇರುವುದು ಈ ಕಾರಣಕ್ಕೇ. ದುಂಡಾಣು ಎಲೆ ಒಣಗುವ ರೋಗಕ್ಕೆ ಎಕ್ಸ್‌ಎ21 ಒಂದೇ ಕಡೆ ಇದ್ದರೂ ಸಾಕು, ಅದು ಪ್ರಬಲ. ಎಕ್ಸ್‌ಎ5, ಎಕ್ಸ್‌ಎ13 ಮಾತ್ರ ಎರಡೂ ಪೋಷಕಗಳಲ್ಲಿ ಇರಲೇಬೇಕು.

ನಿಮ್ಮ ಎಸ್‌ಎಸ್‌ಆರ್ ಕೋಷ್ಟಕ ತೋರಿಸದ ಇನ್ನೊಂದು ಏಕರೂಪತೆ ಕೋಶದ್ರವ್ಯದ್ದು. 6 ಎ ತಳಿಗಳು ಕೋಶಕೇಂದ್ರದಲ್ಲಿ ಎಷ್ಟೇ ದೂರವಿದ್ದರೂ ಎಲ್ಲದರ ಕೋಶದ್ರವ್ಯ 1970ರಲ್ಲಿ ಹೈನಾನ್ ದ್ವೀಪದಲ್ಲಿ ಸಿಕ್ಕ ಕಾಡುಭತ್ತದ ಒಂದು ಗಿಡಕ್ಕೇ ಹೋಗಿ ಮುಟ್ಟಬಹುದು. ಅದೇ 1970ರಲ್ಲಿ ಅಮೆರಿಕದ ಮೆಕ್ಕೆಜೋಳ ಟಿ ಎಂಬ ಒಂದೇ ಕೋಶದ್ರವ್ಯವನ್ನು ನೆಚ್ಚಿಕೊಂಡು ಎಲೆ ಅಂಗಮಾರಿಗೆ ಸಿಕ್ಕಿ ಸುಮಾರು ಶೇ 15ರಷ್ಟು ಬೆಳೆ ಕಳೆದುಕೊಂಡಿತು. ಭತ್ತಕ್ಕೆ ಹಾಗಾಗಲೇಬೇಕೆಂದಿಲ್ಲ, ಆದರೂ ಹೊಂಗ್‌ಲಿಯಾನ್ ಎಂಬ ಇನ್ನೊಂದು ಕೋಶದ್ರವ್ಯದ ಅಥವಾ ಬೇರೆ ಮೂಲದ ಒಂದೆರಡು ಎ ತಳಿಗಳನ್ನು ಸೇರಿಸಿಕೊಳ್ಳಿ. ಅವುಗಳಿಗೆ ಫಲವತ್ತತೆ ಮರಳಿಸುವ ವಂಶವಾಹಿಗಳು ಬೇರೆ, ಆದ್ದರಿಂದ ಆರ್ ತಳಿಗಳ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.

ಕೊನೆಯದಾಗಿ, ತಳಿ ಸುಧಾರಣೆ ಮಾಡುವಾಗ ಬಿ ತಳಿಯನ್ನು ಬಿ ಜೊತೆಗೆ, ಆರ್ ತಳಿಯನ್ನು ಆರ್ ಜೊತೆಗೆ ಮಾತ್ರ ಸಂಕರಿಸಿ. ಬಿ ಮತ್ತು ಆರ್ ಬೆರೆಸಿದರೆ ಆರ್‌ಎಫ್ ವಂಶವಾಹಿ ಬಿ ಕಡೆಗೆ ನುಸುಳಿ ಎ ತಳಿಯ ಬಂಜೆತನ ಕೆಡುತ್ತದೆ. ಎರಡು ಬಣಗಳ ನಡುವಿನ ಅಂತರವೂ ಪೀಳಿಗೆಯಿಂದ ಪೀಳಿಗೆಗೆ ಕರಗುತ್ತದೆ. ನಿಮ್ಮ 0.72ರ ಆರ್ ತಳಿಯನ್ನು ಎಸೆಯಬೇಡಿ. ಅದನ್ನು ನಿಮ್ಮ ಒಳ್ಳೆಯ ಇಂಡಿಕಾ ಆರ್ ತಳಿಗೆ ಸಂಕರಿಸಿ, ಇಂಡಿಕಾ ಕಡೆಗೇ ಒಂದು ಸಲ ಹಿಂಸಂಕರ ಮಾಡಿ. ಸರಾಸರಿ ಕಾಲು ಭಾಗ ದೂರದ ರಕ್ತ ಉಳಿಯುತ್ತದೆ. ಆ ಸಂತತಿಯಲ್ಲಿ ಆರ್‌ಎಫ್3, ಆರ್‌ಎಫ್4 ಇರುವ, ಎಸ್5ರಲ್ಲಿ ಇಂಡಿಕಾ ಅಥವಾ ತಟಸ್ಥ ಅಲೀಲ್ ಇರುವ ಗಿಡಗಳನ್ನು ಸಸಿ ಹಂತದಲ್ಲೇ ಮಾರ್ಕರ್‌ನಿಂದ ಆರಿಸಿ, ನಾಲ್ಕನೇ ಪೀಳಿಗೆಯ ಹೊತ್ತಿಗೆ ಎರಡು ಎ ತಳಿಗಳ ಮೇಲೆ ಸಂಕರಿಸಿ ನೋಡಿ.